ಡಿಸೆಂಬರಿನಲ್ಲಿ ಊರು ಆರಿಸಬೇಡಿ

ಬೆಂಗಳೂರಿನಲ್ಲೋ ಪುಣೆಯಲ್ಲೋ ಹತ್ತಾರು ವರ್ಷ ದುಡಿದು, ಇನ್ನು ಊರ ಕಡೆ ಹೋಗಿ ಒಂದು ಮನೆ ಮಾಡಿಕೊಳ್ಳೋಣ ಎನ್ನುವ ಗಂಡಹೆಂಡತಿಯರು ಈಗ ನಮ್ಮ ಉತ್ತರ ಕನ್ನಡಕ್ಕೆ ಬಹಳ ಬರುತ್ತಿದ್ದಾರೆ. ಅವನ ಮೂಲ ಘಟ್ಟದ ಮೇಲೆ, ಅವಳ ತವರು ಘಟ್ಟದ ಕೆಳಗೆ. ಇಲ್ಲವೇ ಇಬ್ಬರಿಗೂ ಎರಡೂ ಕಡೆ ನೆಂಟರು. ಬಂದವರೆಲ್ಲ ಕೇಳುವುದು ಒಂದೇ: ಕಡಲ ಬದಿಯ ಕುಮಟಾದಲ್ಲಿ ನೆಲೆಸುವುದೋ, ಶಿರಸಿಗೆ ಹತ್ತುವುದೋ? ಮನೆ ಸಾಲ, ಜಮೀನಿನ ಕಾಗದ ನೋಡುವ ಬ್ಯಾಂಕಿನ ಕೆಲಸದಲ್ಲಿ ನಾನು ಎರಡೂ ಕಡೆ ಸಂಸಾರ ಮಾಡಿದ್ದೇನೆ. ಎರಡೂ ಊರಿನ ಮಳೆಗಾಲ ಗೊತ್ತು, ಎರಡೂ ಊರಿನ ಬಾವಿ ಗೊತ್ತು. ಹಾಗಾಗಿ ತಮ್ಮಾ, ತಂಗೀ, ಸ್ವಲ್ಪ ಹೊತ್ತು ಕೂತು ಕೇಳಿ. ಉಳಿಸಿದ ದುಡ್ಡೆಲ್ಲ ಒಂದು ಜಾಗದ ಮೇಲೆ ಬೀಳುವ ಸಂಗತಿ ಇದು; ಮಕ್ಕಳ ಶಾಲೆ ಅಲ್ಲೇ, ಅಪ್ಪ ಅಮ್ಮನ ಮುಪ್ಪೂ ಅಲ್ಲೇ.

ನೀವು ಊರು ನೋಡಲು ಬರುವುದು ಹೆಚ್ಚಾಗಿ ಡಿಸೆಂಬರ್ ರಜೆಗೆ. ಆಗ ಕುಮಟಾದಲ್ಲಿ ಸಂಜೆಯ ಗಾಳಿ ಹಿತ, ಬಾಡ ಊರಿನ ದಂಡೆಯಲ್ಲಿ ಮಕ್ಕಳು ಮನೆಗೆ ಬರಲು ಒಲ್ಲೆ ಎನ್ನುತ್ತಾರೆ, ಪೇಟೆಯಲ್ಲಿ ತಾಜಾ ಮೀನು. ಶಿರಸಿಯಲ್ಲಾದರೆ ಬೆಳಗಿನ ಜಾವ ಶಾಲು ಹೊದೆಯುವ ಚಳಿ, ಅಂಗಳದಲ್ಲಿ ಅಡಿಕೆ ರಾಶಿ, ಒಲೆಯ ಮೇಲೆ ಅಡಿಕೆ ಬೇಯುವ ಪರಿಮಳ. ಆ ತಿಂಗಳಲ್ಲಿ ಎರಡು ಊರುಗಳಲ್ಲೂ ಕೊರತೆ ಹುಡುಕಲು ಆಗುವುದಿಲ್ಲ. ಹಾಗಾಗಿಯೇ ಡಿಸೆಂಬರಿನಲ್ಲಿ ಜಾಗ ನೋಡಿ ಜನವರಿಯಲ್ಲಿ ಮುಂಗಡ ಕೊಟ್ಟವರು ಮುಂದಿನ ಜುಲೈನಲ್ಲಿ ಕಂಗಾಲಾಗುವುದನ್ನು ನಾನು ಬಹಳ ನೋಡಿದ್ದೇನೆ. ಊರನ್ನು ಜುಲೈ ಮಧ್ಯದಲ್ಲಿ ಒಮ್ಮೆ ನೋಡಿ, ಮೇ ಮೊದಲ ವಾರದಲ್ಲಿ ಇನ್ನೊಮ್ಮೆ ನೋಡಿ. ಮಿಕ್ಕ ತಿಂಗಳುಗಳನ್ನು ಹೇಗೋ ಕಳೆಯಬಹುದು.

ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತಿ ಹೋದರೆ ಸುಮಾರು 60 ಕಿಲೋಮೀಟರ್. ಶಿರಸಿ ಇರುವುದು ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿ. ಇಷ್ಟೇ ದೂರ, ಇಷ್ಟೇ ಎತ್ತರ. ಆದರೂ ಎರಡು ಬೇರೆ ಬದುಕು. ಹಾಗೆಂದು ಒಂದಕ್ಕೊಂದು ಸಂಬಂಧವಿಲ್ಲದ ಊರುಗಳೂ ಅಲ್ಲ. ಶಿರಸಿ ಪೇಟೆಯೊಳಗಿನ ಶಂಕರಹೊಂಡದಲ್ಲಿ ಒಂದು ಕವಲು, ಮಂಜುಗುಣಿಯ ಕಡೆಯಿಂದ ಇನ್ನೊಂದು ಕವಲು ಕೂಡಿ ಹರಿಯುವ ಅಘನಾಶಿನಿಯೇ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಕುಮಟಾ ತಾಲೂಕಿನ ತದಡಿಯ ಹತ್ತಿರ ಕಡಲು ಸೇರುತ್ತಾಳೆ. ನಡುವೆ ಎಲ್ಲೂ ಅಣೆಕಟ್ಟಿಲ್ಲದ ಹೊಳೆ. ಹತ್ತೊಂಬತ್ತನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಹಡಗೇರುತ್ತಿತ್ತು. ವ್ಯಾಪಾರದಲ್ಲಿ ಆ ಹತ್ತಿಗೆ ಕುಮಟಾದ ಹೆಸರೇ ನಿಂತಿತ್ತು. ಇಂದಿಗೂ ಮೇಲಿನವರಿಗೆ ಮೀನು, ಉಪ್ಪು, ರೈಲು ಕೆಳಗಿನಿಂದ. ಕೆಳಗಿನವರಿಗೆ ಅಡಿಕೆ ಮಾರುಕಟ್ಟೆ, ಅಪ್ಪೆಮಿಡಿ, ಮಾರಿಕಾಂಬೆಯ ಜಾತ್ರೆ ಮೇಲಿನಿಂದ. ಯಾವುದನ್ನು ಆರಿಸಿದರೂ ಇನ್ನೊಂದು ಪೂರ್ತಿ ಕೈಬಿಡುವುದಿಲ್ಲ. ಈ ಸಮಾಧಾನ ಮನಸ್ಸಿನಲ್ಲಿದ್ದರೆ ಲೆಕ್ಕಾಚಾರ ತಣ್ಣಗೆ ಮಾಡಬಹುದು.

ಮೊದಲು ಸೆಕೆಯ ಮಾತು. ಎತ್ತರಕ್ಕೆ ಹೋದಂತೆ ಸಾವಿರ ಮೀಟರಿಗೆ ಆರು ಡಿಗ್ರಿಯಷ್ಟು ಬಿಸಿ ಇಳಿಯುತ್ತದೆ ಎಂಬ ಲೆಕ್ಕದಲ್ಲಿ ಶಿರಸಿ ಕುಮಟಾಕ್ಕಿಂತ ಮೂರು ನಾಲ್ಕು ಡಿಗ್ರಿ ತಂಪು. ಕಾಗದದ ಮೇಲೆ ಇದು ದೊಡ್ಡ ವ್ಯತ್ಯಾಸವೆನಿಸದು. ಮೈಗೆ ಮಾತ್ರ ಬಹಳ ದೊಡ್ಡದು. ಕರಾವಳಿಯ ಗಾಳಿಯಲ್ಲಿ ಮೊದಲೇ ನೀರು ತುಂಬಿರುವುದರಿಂದ ಬೆವರು ಆರುವುದಿಲ್ಲ, ಬೆವರು ಆರದೆ ಮೈ ತಣಿಯುವುದಿಲ್ಲ. ಹಗಲಿನ ಬಿಸಿಯನ್ನು ಹೇಗೋ ತಡೆದುಕೊಳ್ಳಬಹುದು. ಏಪ್ರಿಲ್, ಮೇ ತಿಂಗಳ ರಾತ್ರಿ ಇಳಿಯದ ಸೆಕೆಯೇ ಜನರನ್ನು ಹಣ್ಣು ಮಾಡುವುದು. ಮಧ್ಯಾಹ್ನದ ಹೊತ್ತಿಗೆ ನೆಲ ಕಾದು ಕಡಲ ಗಾಳಿ ಒಳಗೆ ಬರುತ್ತದೆ, ರಾತ್ರಿ ಅದು ನಿಂತು ನೆಲದ ಗಾಳಿ ಕಡಲ ಕಡೆ ತಿರುಗುತ್ತದೆ. ಈ ಎರಡರ ನಡುವಿನ ಗಾಳಿಯಾಡದ ಹೊತ್ತಿನಲ್ಲಿ ಹಸುಗೂಸು, ಮುದುಕರು ಒದ್ದಾಡುತ್ತಾರೆ. ಬೆಂಗಳೂರಿನ ಹವೆಗೆ ಒಗ್ಗಿದ ಮೈ ಒಂದು ಬೇಸಿಗೆಯಲ್ಲಿ ಇದಕ್ಕೆ ಹೊಂದಿಕೊಳ್ಳುವುದಿಲ್ಲ, ಎರಡು ಮೂರು ಬೇಸಿಗೆ ಬೇಕು. ನಿಮ್ಮ ಅಪ್ಪನಿಗೆ ರಕ್ತದೊತ್ತಡದ ಮಾತ್ರೆ, ಮೂತ್ರದ ಮಾತ್ರೆ ನಡೆಯುತ್ತಿದ್ದರೆ ಕರಾವಳಿಯ ಬೇಸಿಗೆಯ ಬಗ್ಗೆ ಡಾಕ್ಟರ ಹತ್ತಿರ ಮೊದಲೇ ಮಾತಾಡಿ.

ಸೆಕೆಗಿಂತ ಹೆಚ್ಚು ಹೊತ್ತು ನಾನು ಮಾತಾಡಬೇಕಾದದ್ದು ಉಪ್ಪಿನ ಬಗ್ಗೆ. ಕಡಲಂಚಿನ ಮನೆಗಳ ಸಾಲದ ಕಡತ ನೋಡಿದವನಿಗೆ ಗೊತ್ತು, ಅಲ್ಲಿ ಕಟ್ಟಡಕ್ಕೆ ವಯಸ್ಸು ಬೇಗ ಆಗುತ್ತದೆ. ತೆರೆ ಒಡೆದಾಗ ಏಳುವ ಸಣ್ಣ ಹನಿಗಳು ಗಾಳಿಯಲ್ಲಿ ಒಣಗಿ ಉಪ್ಪಿನ ಕಣಗಳಾಗಿ ಒಳಗೆ ಬರುತ್ತವೆ. ಗೇಟು, ಕಿಟಕಿಯ ಸರಳು, ಬೈಕಿನ ಚೈನು, ಫ್ರಿಜ್ಜಿನ ಹಿಂಬದಿ, ಎಸಿಯ ಹೊರಗಿನ ಪೆಟ್ಟಿಗೆ, ಎಲ್ಲಕ್ಕೂ ತುಕ್ಕು. ಇವನ್ನೆಲ್ಲ ಬದಲಿಸಬಹುದು. ಬದಲಿಸಲಾಗದ್ದು ಕಾಂಕ್ರೀಟಿನ ಒಳಗಿನ ಕಬ್ಬಿಣ. ಒಳ್ಳೆಯ ಕಾಂಕ್ರೀಟು ತನ್ನ ಕ್ಷಾರಗುಣದಿಂದ ಕಬ್ಬಿಣದ ಸುತ್ತ ತೆಳುವಾದೊಂದು ರಕ್ಷೆ ಕಟ್ಟಿರುತ್ತದೆ. ಉಪ್ಪಿನ ಕ್ಲೋರೈಡ್ ನಿಧಾನವಾಗಿ ಒಳಗಿಳಿದು ಆ ರಕ್ಷೆಯನ್ನು ಮುರಿಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಹಲವು ಪಟ್ಟು ಜಾಗ ಕೇಳುತ್ತದೆ, ಸ್ಲ್ಯಾಬಿನ ಕೆಳಭಾಗ ಬಿರಿದು ಚಕ್ಕೆ ಉದುರುತ್ತದೆ. ಹೊಸ ಮನೆ ಹೊಕ್ಕ ಹದಿನೈದು ಇಪ್ಪತ್ತು ವರ್ಷದೊಳಗೆ ಸಾಲ ತೀರುವ ಹೊತ್ತಿಗೆ ರಿಪೇರಿಯ ಸಾಲ ಕೇಳಿ ಬಂದವರಿದ್ದಾರೆ.

ಇದಕ್ಕೆ ಮದ್ದಿದೆ, ಆದರೆ ಅದನ್ನು ಕಟ್ಟುವ ಮೊದಲೇ ಮಾಡಬೇಕು. ನಮ್ಮ ದೇಶದ ಕಾಂಕ್ರೀಟು ಮಾನದಂಡ ಐಎಸ್ 456 ಕರಾವಳಿಯ ಗಾಳಿಗೆ ನೇರವಾಗಿ ತೆರೆದ ಕಟ್ಟಡಗಳಿಗೆ ಎಂ 30 ದರ್ಜೆಯ ಕಾಂಕ್ರೀಟು, ಕಬ್ಬಿಣದ ಮೇಲೆ 45 ಮಿಲಿಮೀಟರ್ ಹೊದಿಕೆ ಕೇಳುತ್ತದೆ. ಒಳನಾಡಿನ ಸಾಮಾನ್ಯ ಮನೆಯ ಸ್ಲ್ಯಾಬಿಗೆ 20 ಮಿಲಿಮೀಟರ್ ಸಾಕಾಗುವಲ್ಲಿ ಇಲ್ಲಿ ಎರಡರಷ್ಟಕ್ಕಿಂತ ಹೆಚ್ಚು. ಮೇಸ್ತ್ರಿಗೆ ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಎಂಜಿನಿಯರರ ನಕ್ಷೆಯಲ್ಲಿ ಬರೆಸಿ, ಕಾಂಕ್ರೀಟು ಹಾಕುವ ದಿನ ಎದುರಲ್ಲಿ ನಿಂತು ನೋಡಿ. ಮರಳಿನ ವಿಷಯ ಇನ್ನೂ ಮುಖ್ಯ. ಅಳಿವೆಯ ಹತ್ತಿರ, ಉಬ್ಬರದ ನೀರು ಬರುವ ಹೊಳೆಯಲ್ಲಿ ತೆಗೆದ ಮರಳಿನಲ್ಲಿ ಉಪ್ಪು ಇದ್ದೇ ಇರುತ್ತದೆ. ಸಿಹಿನೀರಿನಲ್ಲಿ ತೊಳೆಯದೆ ಅದನ್ನು ಕಾಂಕ್ರೀಟಿಗೆ ಸೇರಿಸಿದರೆ ಕೇಡನ್ನು ನೀವೇ ಒಳಗೆ ಇಟ್ಟು ಮುಚ್ಚಿದ ಹಾಗೆ. ಗೋಡೆಗೆ ನಮ್ಮ ಚಿರೇಕಲ್ಲೇ ಸಾಕು, ಅದಕ್ಕೆ ಉಪ್ಪಿನ ಭಯ ಕಡಿಮೆ. ಮಾಡಿಗೆ ಸ್ಲ್ಯಾಬಿನ ಹುಚ್ಚು ಬಿಟ್ಟು ಮರ, ಹಂಚು ಹಾಕಿದ ಹಳೆಯ ಮನೆಗಳು ಇಂದಿಗೂ ಗಟ್ಟಿಯಾಗಿ ನಿಂತಿವೆ.

ಇನ್ನೊಂದು ಒಳ್ಳೆಯ ಸಂಗತಿ ಹೇಳುತ್ತೇನೆ. ಗಾಳಿಯಲ್ಲಿ ಬರುವ ಉಪ್ಪಿನ ಬಹುಪಾಲು ದಂಡೆಯಿಂದ ಒಳಗಿನ ಮೊದಲ ಕೆಲವು ನೂರು ಮೀಟರುಗಳಲ್ಲೇ ಇಳಿದುಬಿಡುತ್ತದೆ. ಎರಡು ಮೂರು ಕಿಲೋಮೀಟರ್ ಒಳಗೆ, ಹೆದ್ದಾರಿಯಿಂದ ಮೂಡಣಕ್ಕೆ, ಚಿರೇಕಲ್ಲಿನ ದಿಣ್ಣೆಯ ಮೇಲೆ ಮನೆ ಮಾಡಿದವರಿಗೆ ಈ ಕಾಟ ಬಹಳ ಕಡಿಮೆ. ಕಡಲಿನ ಊರಿನಲ್ಲಿ ಇರುವುದಕ್ಕೂ ಕಡಲ ಅಂಚಿನಲ್ಲಿ ಇರುವುದಕ್ಕೂ ಇಷ್ಟು ವ್ಯತ್ಯಾಸವಿದೆ. ಕಿಟಕಿ ತೆರೆದರೆ ತೆರೆ ಕಾಣಬೇಕು ಎನ್ನುವ ಆಸೆ ನನಗೆ ಅರ್ಥವಾಗುತ್ತದೆ. ಆ ಆಸೆಗೆ ಹತ್ತು ನಿಮಿಷದ ಸ್ಕೂಟರ್ ಹಾದಿ ಸಾಕು. ಸಂಜೆ ಹೋಗಿ ಕತ್ತಲಾಗುವ ತನಕ ಕೂತು ಬನ್ನಿ.

ದಂಡೆಗೆ ಅಂಟಿದ ಜಾಗ ಬೇಡ ಎನ್ನಲು ಕಾನೂನಿನ ಕಾರಣವೂ ಉಂಟು. ಕರಾವಳಿ ನಿಯಂತ್ರಣ ವಲಯ, ಜನರ ಬಾಯಲ್ಲಿ ಸಿಆರ್‌ಝಡ್, ಉಬ್ಬರದ ಗೆರೆಯಿಂದ 500 ಮೀಟರ್‌ವರೆಗೂ ಕೈ ಚಾಚುತ್ತದೆ. 2019ರ ಅಧಿಸೂಚನೆಯಲ್ಲಿ ಜನಸಾಂದ್ರತೆ ಹೆಚ್ಚಿರುವ ಹಳ್ಳಿಗಳಿಗೆ ನಿಷೇಧದ ಪಟ್ಟಿಯನ್ನು 50 ಮೀಟರಿಗೆ ಇಳಿಸಿದರೂ, ಮಿಕ್ಕ ಗ್ರಾಮೀಣ ಕರಾವಳಿಯಲ್ಲಿ ಅದು 200 ಮೀಟರಾಗಿಯೇ ಇದೆ. ಪಟ್ಟಣದ ಮಿತಿಯೊಳಗೆ ನಿಯಮ ಬೇರೆ. ಬಹಳ ಜನ ಮರೆಯುವುದು ಹೊಳೆಯಂಚನ್ನು: ಕಡಲು ಕಣ್ಣಿಗೆ ಕಾಣದಿದ್ದರೂ ಉಬ್ಬರ ಇಳಿತ ಮುಟ್ಟುವ ಹೊಳೆ, ಕೋಡಿಗಳ ದಡಕ್ಕೂ ಇದೇ ಕಾನೂನು ಅನ್ವಯ. ದಲ್ಲಾಳಿ "ಇಲ್ಲಿ ಎಲ್ಲರೂ ಕಟ್ಟಿದ್ದಾರೆ" ಎಂದರೆ ನಂಬಬೇಡಿ. ಪಕ್ಕದವರದು ಕಾನೂನು ಬರುವ ಮೊದಲಿನ ಮನೆ ಇರಬಹುದು, ಮೀನುಗಾರ ಸಮುದಾಯಕ್ಕೆ ಸಿಗುವ ರಿಯಾಯಿತಿ ಇರಬಹುದು. ಸರ್ವೆ ನಂಬರ್ ಹಿಡಿದುಕೊಂಡು ಹೋಗಿ ಕರಾವಳಿ ವಲಯ ನಿರ್ವಹಣಾ ನಕ್ಷೆಯಲ್ಲಿ ಜಾಗ ಎಲ್ಲಿ ಬೀಳುತ್ತದೆ ಎಂದು ಲಿಖಿತವಾಗಿ ಪಡೆಯಿರಿ.

ಕಡಲ್ಕೊರೆತವನ್ನು ಕಣ್ಣಾರೆ ನೋಡದವರಿಗೆ ಅದರ ಗುಣ ತಿಳಿಯುವುದಿಲ್ಲ. ಬೇಸಿಗೆಯಲ್ಲಿ ಅಗಲವಾಗಿ ಮಲಗಿರುವ ಮರಳು ಮಳೆಗಾಲದ ತೆರೆಗೆ ಹೊರಟುಹೋಗುತ್ತದೆ, ತೆಂಗಿನ ಬುಡ ಬಯಲಾಗುತ್ತದೆ. ಎಷ್ಟೋ ಕಡೆ ಆ ಮರಳು ಮತ್ತೆ ಬರುತ್ತದೆ, ಕೆಲವೆಡೆ ಬರುವುದಿಲ್ಲ. ಕಲ್ಲಿನ ತಡೆಗೋಡೆ ಹಾಕಿದಲ್ಲಿ ಅಲ್ಲಿಯ ದಂಡೆ ಉಳಿದು, ತೆರೆಯ ಪೆಟ್ಟು ಪಕ್ಕದ ದಂಡೆಗೆ ಸರಿಯುತ್ತದೆ. 2021ರ ಮೇ ನಡುವಿನಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಹೊರಗಿನಿಂದ ಹಾದು ಹೋದಾಗಲೂ ದಂಡೆಯ ಮನೆ, ದೋಣಿಗಳಿಗೆ ಆದ ಹಾನಿ ಕಡಿಮೆಯಲ್ಲ. ಜಾಗ ನೋಡುವಾಗ ಅಲ್ಲಿಯ ಮೀನುಗಾರ ಹೆಂಗಸರನ್ನು ಕೇಳಿ, ಅವರ ಅತ್ತೆಯ ಕಾಲದಲ್ಲಿ ನೀರು ಎಲ್ಲಿತ್ತು ಎಂದು. ಅವರ ಲೆಕ್ಕ ನಂಬಿಕೆಗೆ ಯೋಗ್ಯ.

ಬಾವಿಯ ನೀರನ್ನು ಮೇ ತಿಂಗಳಲ್ಲೇ ರುಚಿ ನೋಡಬೇಕು. ದಂಡೆಯ ನೆಲದಡಿ ಮಳೆಯ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರಿದ್ದರೆ ಕೆಳಗೆ ಸುಮಾರು ನಲವತ್ತು ಅಡಿ ಸಿಹಿನೀರು ಇರುತ್ತದೆ ಎಂಬುದು ಭೂಜಲಶಾಸ್ತ್ರದ ಹಳೆಯ ಲೆಕ್ಕ. ಅದನ್ನು ತಿರುಗಿಸಿ ನೋಡಿ: ಪಂಪು ಹಾಕಿ ಆ ಒಂದು ಅಡಿ ಇಳಿಸಿದರೆ ಕೆಳಗಿನ ಉಪ್ಪು ಕಾಲಕ್ರಮದಲ್ಲಿ ನಲವತ್ತು ಅಡಿ ಮೇಲೇರಲು ದಾರಿ ಕೊಟ್ಟಂತೆ. ಹಾಗಾಗಿ ದಂಡೆಯ ಊರುಗಳಲ್ಲಿ ಆಳದ ಬೋರ್‌ವೆಲ್ಲಿಗಿಂತ ಆಳವಿಲ್ಲದ ತೆರೆದ ಬಾವಿ, ಮಿತವಾದ ಬಳಕೆ ಒಳ್ಳೆಯದು. ನೆರೆಯಲ್ಲಿ ರೆಸಾರ್ಟೋ ಸಿಗಡಿ ಕೆರೆಯೋ ಇದ್ದರೆ ನಿಮ್ಮ ಬಾವಿ ನಿಮ್ಮ ಕೈಯಲ್ಲಿ ಉಳಿಯದು. ಅಘನಾಶಿನಿಯ ಕೆಳಹರಿವಿನಲ್ಲಿ ಗಜನಿ ಗದ್ದೆಗಳಿವೆ, ಉಪ್ಪುನೀರು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುವ ಅಪರೂಪದ ಭೂಮಿ. ಅಂಥ ಗದ್ದೆಗೆ ಕೆಂಪು ಮಣ್ಣು ತುಂಬಿ ಸೈಟು ಎಂದು ತೋರಿಸಿದರೆ ಕೊಳ್ಳಬೇಡಿ. ಅದು ನೀರಿನ ಜಾಗ, ನೆರೆ ಬಂದಾಗ ನೀರು ಅಲ್ಲಿಗೇ ಬರುತ್ತದೆ. ಮನೆ ಕಟ್ಟಿದರೂ ಕೇಡು, ಕಗ್ಗ ಹೋದರೂ ಕೇಡು.

ಇಷ್ಟೆಲ್ಲ ಕೇಳಿ ಘಟ್ಟದ ಮೇಲೆಯೇ ಸುಖ ಎಂದುಕೊಳ್ಳಬೇಡಿ. ಅಲ್ಲಿಯ ತೊಂದರೆಗಳು ಬೇರೆ ಬಗೆಯವು, ಕಣ್ಣಿಗೆ ಬೇಗ ಬೀಳುವುದಿಲ್ಲ.

ಶಿರಸಿಯಲ್ಲಿ ಮನೆ ಎಂದಾಗ ಯಾವ ಶಿರಸಿ ಎಂದು ಮೊದಲು ಕೇಳಿಕೊಳ್ಳಿ. ಪೇಟೆಯ ಮನೆಯೋ, ಇಪ್ಪತ್ತು ಕಿಲೋಮೀಟರ್ ಆಚೆ ತೋಟದ ನಡುವಿನ ಒಂಟಿ ಮನೆಯೋ? ತಾಲೂಕಿನ ಪಡುವಣ ಭಾಗ, ಘಟ್ಟದ ನೆತ್ತಿಗೆ ಹತ್ತಿರವಾದಷ್ಟು, ಮಳೆ ಹೆಚ್ಚು. ಮೂಡಣಕ್ಕೆ ಬನವಾಸಿಯ ಕಡೆ ಹೋದಂತೆ ಮಳೆ ಇಳಿದು ಬಯಲುಸೀಮೆಯ ಗಾಳಿ ಬೀಸುತ್ತದೆ. ಒಂದೇ ತಾಲೂಕಿನಲ್ಲಿ ಎರಡು ಹವೆ. ಪಡುವಣದ ತೋಟದ ಮನೆಯಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದು ಬಚ್ಚಲ ಒಲೆಯ ಮೇಲೆ. ಗೋಡೆಗೆ ಬೂಸಲು, ಪೆಟ್ಟಿಗೆಯ ಸೀರೆಗೆ ಮುಗ್ಗು ವಾಸನೆ, ಅಂಗಳದಲ್ಲಿ ಹಾವಸೆ, ತೋಟಕ್ಕಿಳಿದರೆ ಕಾಲಿಗೆ ಉಂಬಳ. ದಮ್ಮು ಇರುವವರಿಗೆ ಬೂಸಲಿನ ಮನೆ ಶತ್ರು. ಮಂಡಿನೋವಿನವರಿಗೆ ಆ ಥಂಡಿ ಕಷ್ಟ. ಮರ ಬಿದ್ದು ಕರೆಂಟು ಹೋದರೆ ತಂತಿ ಕಾಡಿನೊಳಗೆ ಎಲ್ಲಿ ಹರಿದಿದೆ ಎಂದು ಹುಡುಕಲೇ ಹೊತ್ತು ಬೇಕು. ಲ್ಯಾಪ್‌ಟಾಪಿನಲ್ಲಿ ದುಡಿಯುವವರು ಇದನ್ನು ಗಮನಿಸಿ: ನೆಟ್‌ವರ್ಕ್ ಬರುತ್ತದೆಯೇ ಎಂದು ಬಿಸಿಲಿರುವ ದಿನ ನೋಡಿ ತೃಪ್ತಿಪಡಬೇಡಿ, ಮೂರು ದಿನ ಕರೆಂಟಿಲ್ಲದ ಆಗಸ್ಟಿನಲ್ಲಿ ಟವರು ನಿಲ್ಲುತ್ತದೆಯೇ ಎಂದು ಅಲ್ಲಿಯವರನ್ನು ಕೇಳಿ.

ಜಮೀನಿನ ಕಾಗದದಲ್ಲಿ ಘಟ್ಟದ ಮೇಲೆ ಇನ್ನೂ ಎಚ್ಚರ ಬೇಕು. ನಮ್ಮ ಜಿಲ್ಲೆಯ ಸುಮಾರು ಶೇ. 80 ಭೂಮಿ ಅರಣ್ಯ. ತೋಟಕ್ಕೆ ಅಂಟಿಕೊಂಡ ಸೊಪ್ಪಿನ ಬೆಟ್ಟವನ್ನು ಮಾರುವವರು ತಮ್ಮದೆಂದೇ ತೋರಿಸುತ್ತಾರೆ, ತೋಟಿಗರಿಗೆ ಅದರ ಮೇಲಿರುವುದು ಸೊಪ್ಪು, ದರಕು ತರುವ ಸವಲತ್ತು ಮಾತ್ರ. ಅಲ್ಲಿ ಮನೆ ಕಟ್ಟುವ ಹಕ್ಕಿಲ್ಲ. ಅತಿಕ್ರಮಣದ ಜಾಗ, ಅರ್ಜಿ ಹಾಕಿದ್ದೇವೆ ಮಂಜೂರಾಗುತ್ತದೆ ಎಂಬ ಮಾತು, ಕೈಬರಹದ ಒಪ್ಪಂದ, ಇವುಗಳ ಮೇಲೆ ದುಡ್ಡು ಹಾಕಬೇಡಿ. ಪಹಣಿಯಲ್ಲಿ ಮಾಲ್ಕಿ ಎಂದು ಇರಬೇಕು, ಮನೆ ಕಟ್ಟುವ ತುಂಡಿಗೆ ಕೃಷಿಯೇತರ ಪರಿವರ್ತನೆ, ಅಂದರೆ ಬಿನ್‌ಶೇತ್ಕಿ ಆಗಿರಬೇಕು, ದಾರಿ ಯಾರ ಜಾಗದಲ್ಲಿ ಹಾದಿದೆ ಎಂದು ನಕ್ಷೆಯಲ್ಲಿ ಕಾಣಬೇಕು. ದಾರಿಯ ತಕರಾರಿಗೆ ಒಳ್ಳೆಯ ನೆರೆಹೊರೆಗಳು ಮಾತು ಬಿಟ್ಟಿರುವುದನ್ನು ಕಂಡು ನನಗೆ ಬೇಸರವಾಗಿದೆ.

ಕಾಯಿಲೆಯಲ್ಲಿ ಮಂಗನ ಕಾಯಿಲೆಯನ್ನು ಹೆಸರಿಸಿ ಹೇಳಬೇಕು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಉಣುಗಿನಿಂದ ಹರಡುತ್ತದೆ, ಪಕ್ಕದ ಸಿದ್ದಾಪುರ ತಾಲೂಕಿನಲ್ಲಿ ಈಚಿನ ವರ್ಷಗಳಲ್ಲೂ ಕಾಣಿಸಿಕೊಂಡಿದೆ. ಡಿಸೆಂಬರಿನಿಂದ ಮೇವರೆಗೆ, ತರಗೆಲೆ ಒಣಗುವ ಕಾಲದಲ್ಲಿ, ಕಾಡಿಗೆ ಹೋಗುವವರು, ದನ ಮೇಯಿಸುವವರು ಎಚ್ಚರದಿಂದಿರಬೇಕು. ಪೇಟೆಯಲ್ಲಿರುವವರಿಗೆ ಇದರ ಭಯ ಕಡಿಮೆ. ಕಾಡಿನಂಚಿನ ಮನೆ ಕೊಳ್ಳುವವರು ಅಲ್ಲಿಯ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಸರಿಯಾದ ಮಾಹಿತಿ ಸಿಗುತ್ತದೆ.

ಇನ್ನು ಆಸ್ಪತ್ರೆ ಮತ್ತು ದಾರಿ. ವಯಸ್ಸಾದವರಿರುವ ಮನೆಗೆ ನಿರ್ಣಯ ಮಾಡಿಕೊಡುವುದು ಈ ಎರಡೇ ಎಂದು ನನ್ನ ಅಭಿಪ್ರಾಯ. ಸಣ್ಣಪುಟ್ಟ ಕಾಯಿಲೆಗೆ, ಹೆರಿಗೆಗೆ, ಮೂಳೆ ಮುರಿತಕ್ಕೆ ಕುಮಟಾದಲ್ಲೂ ಶಿರಸಿಯಲ್ಲೂ ಒಳ್ಳೆಯ ಡಾಕ್ಟರುಗಳಿದ್ದಾರೆ. ಹೃದಯ, ಮೆದುಳು, ಕ್ಯಾನ್ಸರ್ ಎಂದಾಗ ಹೊರಗೆ ಹೋಗಲೇಬೇಕು. ದೊಡ್ಡ ಆಸ್ಪತ್ರೆಗಾಗಿ ಈ ಜಿಲ್ಲೆಯ ಜನ ವರ್ಷಗಳಿಂದ ಕೂಗುತ್ತಿದ್ದಾರೆ. ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿಲೋಮೀಟರ್, ಘಟ್ಟವಿಲ್ಲದ ದಾರಿ. ಕುಮಟಾದಿಂದ ಮಣಿಪಾಲ 120ಕ್ಕೂ ಹೆಚ್ಚು, ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಸಪಾಟು ಓಟ. ಬೇಕಾದರೆ ಮಂಗಳೂರು, ಗೋವಾ ಕಡೆಗೂ ಅದೇ ಹೆದ್ದಾರಿ. ಎರಡರಲ್ಲಿ ಯಾವ ಊರೂ ಗೆದ್ದಿತೆಂದು ಹೇಳಲಾಗದು. ಆದರೆ ಶಿರಸಿಯ ಪಡುವಣದ ಹಳ್ಳಿಯಲ್ಲಿದ್ದರೆ ಮೊದಲು ಪೇಟೆಗೆ ಬರುವ ಕಾಡುದಾರಿಯ ಮುಕ್ಕಾಲು ಗಂಟೆಯನ್ನು ಲೆಕ್ಕಕ್ಕೆ ಸೇರಿಸಿ. ಮಳೆಗಾಲದ ರಾತ್ರಿ ಆ ಮುಕ್ಕಾಲು ಗಂಟೆ ಎಷ್ಟಾಗುತ್ತದೆಂದು ಹೇಳಲು ಬಾರದು.

ದಾರಿ ಕಡಿಯುವುದು ಎರಡೂ ಕಡೆಯ ಸತ್ಯ. ದೇವಿಮನೆ ಘಟ್ಟದಲ್ಲಿ ಮಣ್ಣು ಕುಸಿದರೆ ಮೇಲಿನವರಿಗೂ ಕೆಳಗಿನವರಿಗೂ ಸುತ್ತುದಾರಿ. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡವೇ ಜಾರಿ ತೋಟ, ಮನೆಗಳು ಮಣ್ಣಾದವು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಗಂಗಾವಳಿ ಹೊಳೆಯವರೆಗೂ ಕುಸಿದು ಜೀವಗಳು ಹೋದವು, ಹೆದ್ದಾರಿ ಬಹಳ ದಿನ ಬಂದಾಯಿತು. ಘಟ್ಟದ ಮೇಲೆ ಕೆಳಗೆ ಎಂದಿಲ್ಲ, ಎಲ್ಲಿ ಗುಡ್ಡದ ಕಾಲು ಕಡಿದು ರಸ್ತೆಯನ್ನೋ ಸೈಟನ್ನೋ ಮಾಡಿದ್ದಾರೋ ಅಲ್ಲಿ ಮನೆ ಬೇಡ. ಹಿಂದೆ ನೇರವಾಗಿ ಕಡಿದ ಗುಡ್ಡದ ಗೋಡೆ, ಮುಂದೆ ಚಂದದ ನೋಟ ಇರುವ ಜಾಗ ಅಗ್ಗಕ್ಕೆ ಸಿಕ್ಕರೆ ಅದಕ್ಕೆ ಕಾರಣವಿದೆ.

ಓಡಾಟದ ವಿಷಯದಲ್ಲಿ ಕುಮಟಾಕ್ಕೆ ಒಂದು ದೊಡ್ಡ ಅನುಕೂಲ, ರೈಲು. 1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಮುಂಬಯಿ, ಮಂಗಳೂರು ಎರಡೂ ಹತ್ತಿರವಾದವು. ರಾತ್ರಿ ರೈಲು ಹತ್ತಿ ಬೆಳಗ್ಗೆ ಬೆಂಗಳೂರಿನಲ್ಲಿ ಇಳಿಯಬಹುದು. ಶಿರಸಿಗೆ ರೈಲಿಲ್ಲ. ತಾಳಗುಪ್ಪಕ್ಕೋ ಹಾವೇರಿಗೋ ಕುಮಟಾಕ್ಕೋ ಹೋಗಬೇಕು, ಇಲ್ಲವೇ ರಾತ್ರಿ ಬಸ್ಸು. ಬೆನ್ನುನೋವಿನ ಅಮ್ಮನನ್ನು ಮೂರು ತಿಂಗಳಿಗೊಮ್ಮೆ ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯುವವರಿಗೆ ಬರ್ತು ಮತ್ತು ಬಸ್ಸಿನ ಸೀಟಿನ ನಡುವಿನ ವ್ಯತ್ಯಾಸ ಚೆನ್ನಾಗಿ ಗೊತ್ತಿರುತ್ತದೆ.

ದುಡಿಮೆಯ ಮಾತಿನಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಶಿರಸಿಯ ಬದುಕು ಅಡಿಕೆಯ ಬೆನ್ನ ಮೇಲೆ ನಿಂತಿದೆ. 1923ರಲ್ಲಿ ಹುಟ್ಟಿದ ತೋಟಗಾರರ ಸಹಕಾರಿ ಸಂಘದಂಥ ಸಂಸ್ಥೆಗಳು ಅದಕ್ಕೆ ಬಲ ಕೊಟ್ಟಿವೆ. ಆದರೆ ಕೊಳೆರೋಗ, ಎಲೆಚುಕ್ಕಿ ರೋಗ, ಅಡಿಕೆ ಕೊನೆ ಕೊಯ್ಯುವ ಕೊನೆಗೌಡರು ಸಿಗದ ಕಷ್ಟ ತಿಳಿಯದೆ ಹೊಸಬರು ತೋಟ ಕೊಳ್ಳಬಾರದು. ಮನೆ ಬೇಕಾದರೆ ಮನೆ ಕೊಳ್ಳಿ, ತೋಟವನ್ನು ಎರಡು ವರ್ಷ ನೋಡಿ ಕಲಿತು ಆಮೇಲೆ ಕೊಳ್ಳಿ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ, ಆ ಎರಡು ತಿಂಗಳು ಪೇಟೆಯ ಕೈಯಲ್ಲಿ ದುಡ್ಡು ಕಡಿಮೆ. ಅಂಗಡಿಯನ್ನೋ ಹೋಟೆಲನ್ನೋ ಹಾಕುವ ಯೋಚನೆಯಿದ್ದರೆ ಇಡೀ ಮಳೆಗಾಲ ಬಿಟ್ಟು ವರ್ಷಕ್ಕೆ ಎಂಟು ತಿಂಗಳ ವ್ಯಾಪಾರದ ಲೆಕ್ಕ ಇಟ್ಟುಕೊಳ್ಳಿ. ಸಂಬಳ ಹೊರಗಿನಿಂದ ಬರುವವರಿಗೆ ಈ ಚಿಂತೆಯಿಲ್ಲ.

ಶಾಲೆ, ಕಾಲೇಜು ಎರಡೂ ಕಡೆ ಚೆನ್ನಾಗಿವೆ. ಯಕ್ಷಗಾನಕ್ಕೆ ಎರಡೂ ಊರಿನವರು ರಾತ್ರಿಯಿಡೀ ಕೂರುತ್ತಾರೆ. ಊಟದಲ್ಲಿ ನಿಮ್ಮ ನಾಲಿಗೆ ಏನು ಕೇಳುತ್ತದೋ ಅದೇ ತೀರ್ಪು: ತಾರ್ಲೆ, ಬಂಗಡೆ, ಬೆಳಚು ಬಿಟ್ಟು ಇರಲಾರದವರು ಘಟ್ಟ ಹತ್ತಿದರೆ ದಿನಾ ಪರಿತಪಿಸುತ್ತಾರೆ, ಅಪ್ಪೆಹುಳಿ, ತಂಬುಳಿಯವರು ಎಲ್ಲಿದ್ದರೂ ಬದುಕುತ್ತಾರೆ. ಅಂಕೋಲೆಯ ಕರಿ ಇಷಾಡ ಮಾವು, ಕುಮಟಾದ ಸಿಹಿ ಈರುಳ್ಳಿ ಮೇಲಿನವರಿಗೂ ಸಿಗುತ್ತವೆ, ಸ್ವಲ್ಪ ತಡವಾಗಿ.

ನನ್ನ ತೀರ್ಪು ಕೇಳಿದರೆ ಹೀಗೆ. ಎಪ್ಪತ್ತು ದಾಟಿದ ಅಪ್ಪ ಅಮ್ಮ ಜೊತೆಗಿದ್ದರೆ, ಅವರಿಗೆ ಆಗಾಗ ಬೆಂಗಳೂರಿನ ದೊಡ್ಡ ಆಸ್ಪತ್ರೆ ಬೇಕಿದ್ದರೆ, ನೀವೂ ಬೆಂಗಳೂರಿಗೆ ಓಡಾಡುವವರಾದರೆ ಕುಮಟಾ. ಆದರೆ ಹೆದ್ದಾರಿಯ ಮೂಡಣಕ್ಕೆ, ದಿಣ್ಣೆಯ ಮೇಲೆ, ಮೇ ತಿಂಗಳಲ್ಲೂ ಸಿಹಿಯಾಗಿ ಉಳಿಯುವ ಬಾವಿಯ ಹತ್ತಿರ, ಎತ್ತರದ ಮಾಡು ಮತ್ತು ಎದುರುಬದುರು ಕಿಟಕಿಯ ಮನೆ. ಮಕ್ಕಳು ಚಿಕ್ಕವರು, ಸೆಕೆ ನಿಮಗೆ ಆಗದು, ಮಣ್ಣಿನ ಕೆಲಸದಲ್ಲಿ ಮನಸ್ಸಿದೆ, ದಮ್ಮು ಯಾರಿಗೂ ಇಲ್ಲ ಎಂದಾದರೆ ಶಿರಸಿ. ಅದೂ ಮೊದಲ ಕೆಲವು ವರ್ಷ ಪೇಟೆಯಲ್ಲಿ ಅಥವಾ ಪೇಟೆಯಿಂದ ಐದಾರು ಕಿಲೋಮೀಟರಿನೊಳಗೆ, ಮೂಡಣದ ದಿಕ್ಕಿನಲ್ಲಿ. ಕಡಲಂಚಿನ ಸೈಟು, ಕಾಡಂಚಿನ ಒಂಟಿ ಮನೆ, ಇವೆರಡನ್ನೂ ನಾನು ಹೊರಗಿನಿಂದ ಬರುವ ಯಾರಿಗೂ ಹೇಳುವುದಿಲ್ಲ. ಅಲ್ಲಿ ಹುಟ್ಟಿ ಬೆಳೆದವರಿಗೆ ಆ ಜಾಗದ ಸ್ವಭಾವ ತಿಳಿದಿದೆ, ಕಷ್ಟಕ್ಕೆ ಓಡಿಬರುವ ನೆರೆಯವರಿದ್ದಾರೆ. ನಿಮಗೆ ಅದು ಇನ್ನೂ ಆಗಬೇಕಷ್ಟೆ.

ಎರಡರಲ್ಲಿ ಒಂದನ್ನು ಮನಸ್ಸಿನಲ್ಲಿ ಗೊತ್ತುಮಾಡಿಕೊಂಡ ಮೇಲೂ ಒಂದು ಪೂರ್ತಿ ಮಳೆಗಾಲ ಆ ಊರಿನಲ್ಲಿ ಬಾಡಿಗೆಗೆ ಇರಿ. ಬಾಡಿಗೆಗೆ ಹೋದ ದುಡ್ಡು ನಷ್ಟವೆಂದು ಎಣಿಸಬೇಡಿ. ಕೊಟ್ಟ ಮುಂಗಡ ವಾಪಸು ಪಡೆಯಲು ಅಲೆದವರನ್ನು ನಾನು ನೋಡಿದ್ದೇನೆ, ಅದರ ಮುಂದೆ ನಾಲ್ಕು ತಿಂಗಳ ಬಾಡಿಗೆ ಏನೂ ಅಲ್ಲ. ಆ ನಾಲ್ಕು ತಿಂಗಳಲ್ಲಿ ಹಾಲಿನವನು ಎಷ್ಟು ಹೊತ್ತಿಗೆ ಬರುತ್ತಾನೆ, ಶಾಲೆಯ ಬಸ್ಸು ಎಷ್ಟು ದಿನ ತಪ್ಪುತ್ತದೆ, ಅಮ್ಮನ ಕೆಮ್ಮು ಹೆಚ್ಚಾಯಿತೇ ಕಡಿಮೆಯಾಯಿತೇ, ಎಲ್ಲ ತಿಳಿಯುತ್ತದೆ.

ಕೊನೆಯದಾಗಿ ಒಂದು ಮಾತನ್ನು ನಡೆಸಿಕೊಡಿ. ಊರಿನ ಚರ್ಚೆಯಲ್ಲಿ ಹೆಚ್ಚು ಮಾತಾಡುವವರು ಮನೆಯಲ್ಲಿ ಕಡಿಮೆ ಹೊತ್ತು ಇರುವವರು. ದಿನವಿಡೀ ಆ ಮನೆಯಲ್ಲಿ ಕಳೆಯುವವರು ಅಮ್ಮ, ಅಪ್ಪ, ಎಷ್ಟೋ ಸಲ ಕೆಲಸ ಬಿಟ್ಟು ಬಂದ ಹೆಂಡತಿ. ಅವರನ್ನು ಬೇರೆ ಬೇರೆಯಾಗಿ ಕೂರಿಸಿಕೊಂಡು ಕೇಳಿ. "ನಿಮಗೆ ಸರಿ ಕಂಡದ್ದು ಮಾಡಿ" ಎಂಬ ಉತ್ತರ ಬಂದರೆ ಅದನ್ನು ಒಪ್ಪಿಗೆ ಎಂದು ತಿಳಿಯದೆ ಮತ್ತೊಮ್ಮೆ ಕೇಳಿ. ಅವರಲ್ಲಿ ಒಬ್ಬರು ಬೇಡವೆಂದ ಊರಿನಲ್ಲಿ, ಜಾಗ ಎಷ್ಟೇ ಚೆನ್ನಾಗಿರಲಿ, ಬೆಲೆ ಎಷ್ಟೇ ಇಳಿಯಲಿ, ಕೊಳ್ಳಬೇಡಿ.